ಹಿರಿಯ ಕೃಷಿಕರಲ್ಲಿ ದೇಹತೂಕ ನಿಯಂತ್ರಣ ಮತ್ತು ಹಿತಮಿತ ವ್ಯಾಯಾಮ

ಪೀಠಿಕೆ

ಉಳುಮೆಗೆ ಟ್ರ್ಯಾಕ್ಟರ್, ಕೊಯ್ಲಿಗೆ ಯಂತ್ರ, ನೀರುಣಿಸಲು ಹನಿ ನೀರಾವರಿ ಬಂದ ಮೇಲೆ ಕೃಷಿಯಲ್ಲಿನ ದೈಹಿಕ ಶ್ರಮ ಗಣನೀಯವಾಗಿ ಕಡಿಮೆಯಾಗಿದೆ. ಅರವತ್ತು ದಾಟಿದ ಬಳಿಕ ಅನೇಕ ಕುಟುಂಬಗಳಲ್ಲಿ ಹೊಲದ ಜವಾಬ್ದಾರಿ ಮಕ್ಕಳ ಕೈಗೆ ಹೋಗುತ್ತದೆ. ಆದರೆ ದಿನವಿಡೀ ದುಡಿಯುತ್ತಿದ್ದ ಕಾಲದ ಊಟದ ಅಳತೆ ಹಾಗೆಯೇ ಉಳಿಯುತ್ತದೆ. ಹೀಗೆ ಹೆಚ್ಚಾದ ಶಕ್ತಿಯು ಕೊಬ್ಬಾಗಿ, ವಿಶೇಷವಾಗಿ ಹೊಟ್ಟೆಯ ಸುತ್ತ ಶೇಖರವಾಗಿ, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಹೃದ್ರೋಗ ಹಾಗೂ ಮಂಡಿನೋವಿಗೆ ದಾರಿಯಾಗುತ್ತದೆ.

ಆದರೆ ಹಿರಿಯರ ತೂಕ ಇಳಿಕೆಯ ಕ್ರಮ ಯುವಕರದರಂತಲ್ಲ. ವಯಸ್ಸಾದಂತೆ ಸ್ನಾಯುಗಳು ತಾವಾಗಿಯೇ ಕ್ಷೀಣಿಸುತ್ತವೆ. ಕೇವಲ ಊಟ ಬಿಟ್ಟು ತೂಕ ಇಳಿಸಿದರೆ, ಇಳಿದ ತೂಕದ ಸುಮಾರು ಕಾಲು ಭಾಗ ಸ್ನಾಯು ಮೊದಲಾದ ಕೊಬ್ಬಲ್ಲದ ಅಂಗಾಂಶವಾಗಿರುತ್ತದೆ. ಅಂಥವರು ತೂಕದಲ್ಲಿ ಹಗುರಾದರೂ ನೆಲದಿಂದ ಏಳಲು ಕಷ್ಟಪಡುತ್ತಾರೆ. ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯ ಹೆಚ್ಚುತ್ತದೆ. ಕಳೆ ಕೀಳುವಾಗ ಬೆಳೆಯ ಬೇರು ಅಲುಗದಂತೆ ನೋಡಿಕೊಳ್ಳುವ ಎಚ್ಚರ ಇಲ್ಲಿಯೂ ಅಗತ್ಯ. ಹೋಗಬೇಕಾದದ್ದು ಕೊಬ್ಬು, ಉಳಿಯಬೇಕಾದದ್ದು ಸ್ನಾಯು.

ಯಾರು, ಎಷ್ಟು ತೂಕ ಇಳಿಸಬೇಕು?

ತೂಕವನ್ನು (ಕಿ.ಗ್ರಾಂ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದಾಗ ದೇಹತೂಕ ಸೂಚ್ಯಂಕ ದೊರೆಯುತ್ತದೆ. ಭಾರತೀಯರಲ್ಲಿ ಇದು 25 ಅಥವಾ ಹೆಚ್ಚಿದ್ದರೆ ಬೊಜ್ಜು ಎಂದು ಪರಿಗಣಿಸಲಾಗುತ್ತದೆ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಬಾರದು. ಉದಾಹರಣೆಗೆ, 1.60 ಮೀ. ಎತ್ತರ ಹಾಗೂ 70 ಕಿ.ಗ್ರಾಂ ತೂಕದ ವ್ಯಕ್ತಿಯ ಸೂಚ್ಯಂಕ 27.3.

ಯೌವನದ ತೂಕಕ್ಕೆ ಮರಳುವ ಹಟ ಬೇಡ. ಆರು ತಿಂಗಳಲ್ಲಿ ಶೇ. 5ರಷ್ಟು, ಅಂದರೆ ಮೇಲಿನ ವ್ಯಕ್ತಿಗೆ 3.5 ಕಿ.ಗ್ರಾಂ ಇಳಿದರೂ ಪ್ರಯೋಜನವಿದೆ. ಮಂಡಿಸವೆತವಿದ್ದವರಲ್ಲಿ ದೇಹತೂಕ 1 ಕಿ.ಗ್ರಾಂ ಇಳಿದರೆ, ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿ.ಗ್ರಾಂನಷ್ಟು ತಗ್ಗುತ್ತದೆ.

ಆಹಾರ ಕ್ರಮ

ಅನ್ನ ಬಿಟ್ಟು ಮುದ್ದೆ ಉಂಡರೆ ತೂಕ ತಾನಾಗಿ ಇಳಿಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 320 ಹಾಗೂ ಅಷ್ಟೇ ಅಕ್ಕಿಯಲ್ಲಿ ಸುಮಾರು 356 ಕಿಲೋಕ್ಯಾಲರಿ ಶಕ್ತಿ ಇರುತ್ತದೆ, ಅಂತರ ಅಲ್ಪ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಂಶ (ಸುಮಾರು 11 ಗ್ರಾಂ) ಮತ್ತು ಕ್ಯಾಲ್ಸಿಯಂನಲ್ಲಿ (ಸುಮಾರು 364 ಮಿ.ಗ್ರಾಂ). ಆದ್ದರಿಂದ ಧಾನ್ಯ ಯಾವುದೇ ಇರಲಿ, ಪ್ರಮಾಣ ಮುಖ್ಯ.

• ಧಾನ್ಯದ ಪ್ರಮಾಣವನ್ನು ಕಾಲು ಭಾಗ ತಗ್ಗಿಸಿ, ಆ ಜಾಗವನ್ನು ಸೊಪ್ಪು, ತರಕಾರಿ ಮತ್ತು ಕಾಳಿನ ಪಲ್ಯದಿಂದ ತುಂಬಬೇಕು. ಮುದ್ದೆಯ ನಂತರ ಅನ್ನವನ್ನೂ ಉಣ್ಣುವ ರೂಢಿಯಿದ್ದರೆ ಒಂದನ್ನು ಮಾತ್ರ ಆರಿಸಿಕೊಳ್ಳುವುದು ಸೂಕ್ತ.
• ಹಿರಿಯರಿಗೆ ಪ್ರತಿ ಕಿ.ಗ್ರಾಂ ದೇಹತೂಕಕ್ಕೆ ದಿನಕ್ಕೆ ಸುಮಾರು 1 ಗ್ರಾಂ ಪ್ರೋಟೀನ್ ಅಗತ್ಯ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ ಹಾಗೂ ಒಂದು ಲೋಟ (200 ಮಿ.ಲೀ.) ಹಾಲಿನಲ್ಲಿ ತಲಾ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಮೂರು ಹೊತ್ತಿನ ಊಟದಲ್ಲಿಯೂ ಕಾಳು, ಬೇಳೆ, ಮೊಸರು, ಮೊಟ್ಟೆ ಅಥವಾ ಮೀನು ಇರಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರು ಹೇಳಿದ ಪ್ರಮಾಣವನ್ನೇ ಪಾಲಿಸಬೇಕು.
• ಎರಡು ಚಮಚ ಸಕ್ಕರೆಯ ಚಹಾವನ್ನು ದಿನಕ್ಕೆ ನಾಲ್ಕು ಬಾರಿ ಕುಡಿದರೆ ಸಕ್ಕರೆಯಿಂದಲೇ ಸುಮಾರು 160 ಕಿಲೋಕ್ಯಾಲರಿ ಸೇರುತ್ತದೆ. ಇದು 50 ಗ್ರಾಂ ಹಿಟ್ಟಿನ ಮುದ್ದೆಗೆ ಸಮ. ಬೆಲ್ಲಕ್ಕೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ.
• ಊಟ ಬಿಡುವುದು, ದೀರ್ಘ ಉಪವಾಸ ಹಾಗೂ ತೂಕ ಇಳಿಸುವ ಪುಡಿಗಳ ಬಳಕೆ ಸಲ್ಲದು.

ವ್ಯಾಯಾಮ ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯು 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, 2 ದಿನ ಸ್ನಾಯುಬಲದ ವ್ಯಾಯಾಮ ಹಾಗೂ 3 ದಿನ ಸಮತೋಲನಕ್ಕೆ ಒತ್ತು ನೀಡುವ ವ್ಯಾಯಾಮವನ್ನು ಶಿಫಾರಸು ಮಾಡಿದೆ.

1. ನಡಿಗೆ: ಬೆಳಿಗ್ಗೆ ಮತ್ತು ಸಂಜೆ ತಲಾ 10 ನಿಮಿಷದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಬೇಕು. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಕೆಸರಿನ ಬದುವಿನ ಮೇಲೆ ಬೇಡ. ಸಮತಟ್ಟಾದ ದಾರಿ ಹಾಗೂ ಹಿಮ್ಮಡಿ ಹಿಡಿದಿಡುವ ಪಾದರಕ್ಷೆ ಇರಲಿ.
2. ಕುಳಿತು ಏಳುವುದು: ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯ ಮೇಲೆ ಕುಳಿತು ನಿಧಾನವಾಗಿ ಎದ್ದು, ಮತ್ತೆ ಕೂರಬೇಕು. 8–10 ಬಾರಿ, ಎರಡು ಸುತ್ತು.
3. ಗೋಡೆ ತಳ್ಳುವುದು: ಗೋಡೆಯಿಂದ ಒಂದು ತೋಳಿನ ದೂರದಲ್ಲಿ ನಿಂತು, ಅಂಗೈ ಊರಿ, ಮೊಣಕೈ ಮಡಿಸಿ ಗೋಡೆಯತ್ತ ಬಾಗಿ ಹಿಂದೆ ಸರಿಯಬೇಕು. 8–10 ಬಾರಿ.
4. ಹಿಮ್ಮಡಿ ಎತ್ತುವುದು: ಕಂಬ ಹಿಡಿದು ಕಾಲ್ಬೆರಳುಗಳ ಮೇಲೆ ನಿಂತು ಇಳಿಯಬೇಕು. 10 ಬಾರಿ.
5. ಸಮತೋಲನ: ಕಂಬದ ಪಕ್ಕದಲ್ಲಿ, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ 10 ಸೆಕೆಂಡು ನಿಲ್ಲಬೇಕು.

ಹೊಲದ ಕೆಲಸವೇ ಸಾಕಾಗುವುದಿಲ್ಲವೇ?

ಕೈತೋಟಕ್ಕೆ ನೀರುಣಿಸುವುದು, ಸೊಪ್ಪು ಕೊಯ್ಯುವುದು, ತೋಟ ಸುತ್ತಾಡಿ ಬರುವುದು ಉತ್ತಮ ಚಟುವಟಿಕೆಗಳೇ. ಆದರೆ ಗಂಟೆಗಟ್ಟಲೆ ಬಾಗಿ ಕಳೆ ತೆಗೆಯುವುದರಿಂದ ಸೊಂಟ ಮತ್ತು ಮಂಡಿಗೆ ಹೊರೆಯಾಗುತ್ತದೆ. ಸಮತೋಲನದ ಅಭ್ಯಾಸವೂ ದೊರೆಯದು. 16 ಲೀಟರಿನ ಬೆನ್ನಿನ ಸಿಂಪರಣಾ ಯಂತ್ರದಲ್ಲಿ ದ್ರಾವಣದ ಭಾರವೇ ಸುಮಾರು 16 ಕಿ.ಗ್ರಾಂ ಇರುವುದರಿಂದ ಹಿರಿಯರು ಅದನ್ನು ಹೊರಬಾರದು.

ಎಚ್ಚರಿಕೆಗಳು

• ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮೊದಲೇ ವೈದ್ಯರನ್ನು ಕಾಣಬೇಕು. ಇಲ್ಲವಾದಲ್ಲಿ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ತೂಕ ಇಳಿದಂತೆ ರಕ್ತದೊತ್ತಡದ ಔಷಧಿಯ ಪ್ರಮಾಣವನ್ನೂ ವೈದ್ಯರಿಂದ ಮರುಪರಿಶೀಲಿಸಿಕೊಳ್ಳಬೇಕು.
• ವ್ಯಾಯಾಮದ ವೇಳೆ ಎದೆನೋವು, ತೀವ್ರ ಉಬ್ಬಸ ಅಥವಾ ತಲೆಸುತ್ತು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯಬೇಕು.
• ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಅದು ಸಂತೋಷದ ವಿಷಯವಲ್ಲ. ಕ್ಷಯ, ಕ್ಯಾನ್ಸರ್, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯ ಲಕ್ಷಣವಾಗಿರಬಹುದಾದ್ದರಿಂದ ತಪಾಸಣೆ ಅಗತ್ಯ.

ವಿಸ್ತರಣಾ ಕಾರ್ಯಕರ್ತರಿಗೆ

ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ, ಸೊಂಟದ ಸುತ್ತಳತೆಯೊಂದಿಗೆ ದಾಖಲಿಸಿ. ಜೊತೆಗೆ, ಕೈಗಳನ್ನು ಎದೆಯ ಮೇಲೆ ಮಡಿಸಿ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಬಾರಿ ಏಳುತ್ತಾರೆ ಎಂದು ಎಣಿಸಿ. 65–69 ವಯಸ್ಸಿನ ಪುರುಷರು 12ಕ್ಕಿಂತ, ಮಹಿಳೆಯರು 11ಕ್ಕಿಂತ ಕಡಿಮೆ ಬಾರಿ ಎದ್ದರೆ ಬೀಳುವ ಅಪಾಯ ಹೆಚ್ಚು. ತೂಕದೊಂದಿಗೆ ಈ ಎಣಿಕೆಯೂ ಇಳಿಯುತ್ತಿದ್ದರೆ ಸ್ನಾಯು ಕರಗುತ್ತಿದೆ ಎಂದು ಶಂಕಿಸಿ, ಆಹಾರದಲ್ಲಿ ಪ್ರೋಟೀನ್ ಮತ್ತು ಬಲವರ್ಧಕ ವ್ಯಾಯಾಮ ಸಾಕಷ್ಟಿದೆಯೇ ಎಂದು ಪರಿಶೀಲಿಸಬೇಕು ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ತೂಕ ಇಳಿದು, ಎಣಿಕೆ ಹಾಗೆಯೇ ಉಳಿದರೆ ಅಥವಾ ಏರಿದರೆ ಅನುಸರಿಸುತ್ತಿರುವ ಕ್ರಮ ಸರಿಯಾಗಿದೆ ಎಂದು ತಿಳಿದು ಮುಂದುವರಿಸಬಹುದು.