ಹಿಡಿದ ಮೊಲಕ್ಕೆ ಎಷ್ಟು ಕಾಲು?

‘ನಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ನಾವು ಹಟಮಾರಿ ಮನುಷ್ಯರ ಬಗ್ಗೆ ಹೇಳುತ್ತೇವೆ. ಅದನ್ನು ಮೊಲದ ಬಗ್ಗೆಯೇ ಹೇಳಬೇಕಾದ ಸಂದರ್ಭ ಕಳೆದ ಮಳೆಗಾಲದಲ್ಲಿ ಬಂತು.

ನಾನು ಬಾಡಿಗೆಗಿರುವುದು ಮಂಗಳೂರಿನ ಬಿಜೈಯಲ್ಲಿ. ಮನೆ ಮಾಲಕರ ಮಗ ಹಟ ಮಾಡಿ ಒಂದು ಬಿಳಿ ಮೊಲ ತರಿಸಿಕೊಂಡಿದ್ದ. ಅವನಿಗೆ ಅದು ರ‍್ಯಾಬಿಟ್, ಅವನ ಅಜ್ಜಿಗೆ ತುಳುವಿನಲ್ಲಿ ಮುಯೆರ್, ಪಕ್ಕದ ಮನೆಯ ಆಂಟಿಗೆ ಕೊಂಕಣಿಯಲ್ಲಿ ಸೊಸೊ, ನನಗೆ ಮೊಲ. ಒಂದು ಶನಿವಾರ ಮಧ್ಯಾಹ್ನ ಅದು ತಿನ್ನುವುದು ಬಿಟ್ಟಿತು. ಹಿಕ್ಕೆಯೂ ಕಡಿಮೆಯಾಯಿತು. “ಒಂದು ದಿನ ಉಪವಾಸ ಇರಲಿ, ನಾಯಿ ಬೆಕ್ಕು ಎಲ್ಲ ಹಾಗೇ ಅಲ್ವಾ ಮಾರಾಯ, ಹೊಟ್ಟೆ ಖಾಲಿಯಾದ್ರೆ ತನ್ನಷ್ಟಕ್ಕೆ ಸರಿ ಆಗ್ತದೆ” ಎಂದರು ಅಜ್ಜಿ. ಅನುಭವದ ಮಾತು ಎಂದು ನಾನೂ ತಲೆಯಾಡಿಸಿದೆ. ಸೋಮವಾರ ಬೆಳಿಗ್ಗೆ ಅದು ಗೂಡಿನ ಮೂಲೆಯಲ್ಲಿ ಸತ್ತು ಬಿದ್ದಿತ್ತು. ಆಮೇಲೆ ಪರಿಚಯದ ಪಶುವೈದ್ಯರೊಬ್ಬರಿಗೆ ಫೋನು ಮಾಡಿದಾಗ ಅವರು ಹೇಳಿದ್ದು ಒಂದೇ ಮಾತು: “ಮೊಲ ಹನ್ನೆರಡು ಗಂಟೆ ತಿನ್ನದಿದ್ದರೆ ಕಾಯಬಾರದು. ಅದು ಬೆಕ್ಕಲ್ಲ.”

ಅದು ಬೆಕ್ಕಲ್ಲ. ಈ ಎರಡು ಪದ ನನ್ನ ತಲೆಯಲ್ಲಿ ಉಳಿದುಬಿಟ್ಟವು. ನನ್ನ ಸಂಶೋಧನೆ ಹತ್ತೊಂಬತ್ತನೆಯ ಶತಮಾನದ ನಿಘಂಟುಗಳ ಮೇಲೆ. ಪಶುವೈದ್ಯ ನನ್ನ ಕ್ಷೇತ್ರವಲ್ಲ. ಆದರೂ ಮೊಲ ಬೆಕ್ಕಲ್ಲ ಎಂದು ಮನುಷ್ಯರಿಗೆ ಯಾವಾಗ ತಿಳಿಯಿತು ಎಂದು ಹುಡುಕುತ್ತಾ ಹೋದೆ. ಸಿಕ್ಕಿದ ಚರಿತ್ರೆ ವಿಚಿತ್ರವಾಗಿದೆ. ಮನುಷ್ಯ ಮೊಲದ ಮೈಯನ್ನು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬೇರೆ ಪ್ರಾಣಿಗಳ ಮೈಯ ಮೂಲಕವೇ ಓದಿದ್ದಾನೆ. ಒಮ್ಮೆ ಹಸುವಿನ ಹಾಗೆ, ಒಮ್ಮೆ ಇಲಿಯ ಹಾಗೆ, ಈಗ ಬೆಕ್ಕು ನಾಯಿಗಳ ಹಾಗೆ.

ಮೊದಲ ತೊಡಕು ಪದದಲ್ಲೇ ಇದೆ. ಕನ್ನಡದ ‘ಮೊಲ’ ಎರಡು ಬೇರೆ ಬೇರೆ ಪ್ರಾಣಿಗಳನ್ನು ಒಟ್ಟಿಗೆ ಹೊತ್ತುಕೊಂಡಿದೆ. ನಮ್ಮ ಗುಡ್ಡೆ, ಗದ್ದೆಗಳ ಬದಿಯಲ್ಲಿ ರಾತ್ರಿ ಬೈಕಿನ ಬೆಳಕಿಗೆ ಸಿಗುವ ಕಪ್ಪು ಕತ್ತಿನ ಕಾಡುಮೊಲ ಒಂದು. 1823ರಲ್ಲಿ ಫ್ರೆಡರಿಕ್ ಕ್ಯುವಿಯೆ ಅದಕ್ಕೆ ಲೀಪಸ್ ನೈಗ್ರಿಕಾಲಿಸ್ ಎಂದು ಹೆಸರಿಟ್ಟ. ಗೂಡಿನಲ್ಲಿ ಸಾಕುವ ಮೊಲ ಇನ್ನೊಂದು. ಅದರ ಮೂಲ ಸ್ಪೇನ್, ಪೋರ್ಚುಗಲ್‌ಗಳ ಕಡೆ, ಹೆಸರು ಓರಿಕ್ಟೊಲೇಗಸ್ ಕ್ಯುನಿಕ್ಯುಲಸ್. ಕಾಡುಮೊಲ ಬಿಲ ತೋಡುವುದಿಲ್ಲ. ಅದರ ಮರಿ ಹುಟ್ಟುವಾಗಲೇ ಮೈತುಂಬ ರೋಮ, ಕಣ್ಣು ಬಿಟ್ಟಿರುತ್ತದೆ. ಸಾಕುಮೊಲದ ಮರಿ ಬೋಳುಮೈಯಲ್ಲಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ; ಕಣ್ಣು ಬಿಡಲು ಸುಮಾರು 10 ದಿನ ಬೇಕು. ಕಾಡುಮೊಲದ ಕ್ರೋಮೋಸೋಮುಗಳು 48, ಸಾಕುಮೊಲದವು 44. ಎರಡನ್ನೂ ಕೂಡಿಸಿ ಮರಿ ಪಡೆಯಲಾಗದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಕಿಟ್ಟೆಲರ ನಿಘಂಟು ಅಚ್ಚಾಗುವಾಗ, ಅದಕ್ಕೂ ಮುಂಚೆ 1886ರಲ್ಲಿ ಮೆನ್ನರ್ ಅವರ ತುಳು ನಿಘಂಟು ಅಲ್ಲೇ ಅಚ್ಚಾಗುವಾಗ, ಈ ಊರಿನ ನಾಲಗೆಯಲ್ಲಿದ್ದ ಮೊಲ, ಮುಯೆರ್ ಎರಡೂ ಗುಡ್ಡೆಯ ಪ್ರಾಣಿಯವೇ. ಗೂಡಿನ ಬಿಳಿ ಮೊಲ ಬಂದಾಗ ಹೊಸ ಪದ ಹುಟ್ಟಲಿಲ್ಲ, ಹಳೆಯದರಲ್ಲೇ ಅದು ಸೇರಿಕೊಂಡಿತು.

ಹಾಗಂತ ಮೊಲ ನಮಗೆ ಅಪರಿಚಿತವಲ್ಲ. ಚಂದ್ರನಿಗೆ ಶಶಾಂಕ ಎಂಬ ಹೆಸರು ಬಂದದ್ದೇ ಅದರಿಂದ. ಇಲ್ಲದ ವಸ್ತುವಿಗೆ ಉದಾಹರಣೆ ಬೇಕಾದಾಗ ನಮ್ಮ ತಾರ್ಕಿಕರು ಮೊಲದ ಕೊಂಬನ್ನು ತೋರಿಸಿದರು. ಬೇಟೆನಾಯಿಗಳಿಗೇ ತಿರುಗಿಬಿದ್ದ ಮೊಲವನ್ನು ಕಂಡು ಆ ಜಾಗದಲ್ಲಿ ವಿಜಯನಗರ ಕಟ್ಟಿದರು ಎಂಬ ಐತಿಹ್ಯವನ್ನು ಹದಿನಾರನೆಯ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಚರಕಸಂಹಿತೆಯಲ್ಲಿಯೂ ಮೊಲವಿದೆ, ಆದರೆ ಮಾಂಸವಾಗಿ. ಅದನ್ನು ತಿಂದ ಮನುಷ್ಯನಿಗೆ ಏನಾಗುತ್ತದೆ ಎಂಬುದು ಅಲ್ಲಿಯ ವಿಚಾರ. ಕನ್ನಡದಲ್ಲಿ ಪಶುವೈದ್ಯದ ಬರವಣಿಗೆ ಹಳೆಯದು. ಚಾಲುಕ್ಯ ಮನೆತನದ ಕೀರ್ತಿವರ್ಮನ ‘ಗೋವೈದ್ಯ’ ಹನ್ನೆರಡನೆಯ ಶತಮಾನದ ಆರಂಭದ ಹೊತ್ತಿನದು. ಹದಿನಾಲ್ಕನೆಯ ಶತಮಾನದ ಅಭಿನವಚಂದ್ರ ‘ಅಶ್ವವೈದ್ಯ’ ಬರೆದ. ಹೊಲ ಉಳುವ, ಹಾಲು ಕೊಡುವ ಪ್ರಾಣಿಗೂ ಯುದ್ಧಕ್ಕೆ ಬೇಕಾದ ಪ್ರಾಣಿಗೂ ವೈದ್ಯಗ್ರಂಥ ಸಿಕ್ಕಿತು. ಬೇಟೆಯಾಡಿ ತಿನ್ನುವ ಪ್ರಾಣಿಯ ಕಾಯಿಲೆ ಯಾರಿಗೆ ಬೇಕು?

ಮೊಲದ ಹೊಟ್ಟೆಯ ಬಗ್ಗೆ ಯೋಚಿಸಿದವರು ಬೇರೆ ಕಡೆ ಇದ್ದರು, ಮತ್ತು ಅವರಿಗೆ ಅದು ಹಸುವಿನ ಹಾಗೆ ಕಂಡಿತು. ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುತ್ತದೆ, ಒಂದೇ ಜಠರದ ಪ್ರಾಣಿಗಳಲ್ಲಿ ಮೊಲಕ್ಕೆ ಮಾತ್ರ ಅದಿದೆ ಎಂದು ಅರಿಸ್ಟಾಟಲ್ ಬರೆದ. ಬೈಬಲ್ಲಿನ ಯಾಜಕಕಾಂಡದ 11ನೆಯ ಅಧ್ಯಾಯದಲ್ಲಿ, ಯಾವ ಪ್ರಾಣಿಯನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು ಎಂಬ ಪಟ್ಟಿಯಲ್ಲಿ, ಮೊಲವನ್ನು ಮೆಲುಕು ಹಾಕುವ, ಆದರೆ ಗೊರಸು ಸೀಳಿಲ್ಲದ ಪ್ರಾಣಿಯೆಂದು ಸೇರಿಸಲಾಗಿದೆ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತಂದರು. ಮುಂದೆ ಅದರ ಪರಿಷ್ಕರಣೆಯಲ್ಲಿ ಬಾಸೆಲ್ ಮಿಶನ್ನಿನ ವೈಗ್ಲೆ ದುಡಿದರು. ಹೀಬ್ರೂವಿನ ಆ ಮಾತಿಗೆ ಪದ ಹುಡುಕಲು ಕನ್ನಡದಲ್ಲಿ ಕಷ್ಟಪಡಬೇಕಾಗಿಲ್ಲ. ಮೆಲುಕು ಎಂಬುದು ನಮ್ಮಲ್ಲಿ ಹಟ್ಟಿಯ ಪದವೂ ಹೌದು, ನೆನಪಿನ ಪದವೂ ಹೌದು. ಆದರೆ ಮೊಲಕ್ಕೆ ಅದು ಹೊಂದುತ್ತದೆಯೇ?

ಸುಮ್ಮನೆ ಕೂತ ಮೊಲವನ್ನು ನೋಡಿದವರಿಗೆ ಆ ಮಾತು ಯಾಕೆ ಬಂತೆಂದು ಗೊತ್ತಾಗುತ್ತದೆ. ಬಾಯಲ್ಲಿ ಏನೂ ಇಲ್ಲದಿದ್ದರೂ ಅದರ ದವಡೆ ಆಡುತ್ತಲೇ ಇರುತ್ತದೆ. ನಿಜವಾದ ಕೆಲಸ ಮಾತ್ರ ಬೇರೆ ಕಡೆ ನಡೆಯುತ್ತದೆ. ಹಸು ಹುಲ್ಲನ್ನು ಹುಳಿಸುವುದು ಜಠರದ ಮುಂಭಾಗದಲ್ಲಿ, ಅದರಿಂದ ಮತ್ತೆ ಬಾಯಿಗೆ ತಂದು ಅಗಿಯಲು ಸಾಧ್ಯ. ಮೊಲ ಹುಳಿಸುವುದು ಹಿಂಭಾಗದಲ್ಲಿ. ಸಣ್ಣಕರುಳು ಮತ್ತು ದೊಡ್ಡಕರುಳು ಸೇರುವಲ್ಲಿ ಒಂದು ತುದಿ ಮುಚ್ಚಿದ ದೊಡ್ಡ ಚೀಲವಿದೆ. ಸೀಕಮ್ ಎಂಬ ಈ ಚೀಲ ಜಠರದ ಸುಮಾರು 10 ಪಟ್ಟು ಹಿಡಿಸುತ್ತದೆ. ಒರಟು ನಾರು ಗುಂಡು ಗುಂಡಾದ ಗಟ್ಟಿ ಹಿಕ್ಕೆಯಾಗಿ ಬೇಗ ಹೊರಹೋಗುತ್ತದೆ. ಸಣ್ಣ ಕಣಗಳು ಹಿಂದಕ್ಕೆ ತಳ್ಳಲ್ಪಟ್ಟು ಸೀಕಮ್ ಸೇರುತ್ತವೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಪ್ರೋಟೀನೂ ಬಿ ವಿಟಮಿನ್ನೂ ತುಂಬಿದ ಮೆತ್ತಗಿನ ಮುದ್ದೆಯಾಗಿಸುತ್ತವೆ. ಆದರೆ ಸಣ್ಣಕರುಳು ದಾಟಿಯಾಗಿರುವುದರಿಂದ ಅದನ್ನು ಹೀರಿಕೊಳ್ಳುವುದು ಹೇಗೆ? ಮೊಲ ಅದನ್ನು ಗುದದಿಂದಲೇ ನೇರ ಬಾಯಿಗೆ ತೆಗೆದುಕೊಂಡು ಅಗಿಯದೆ ನುಂಗುತ್ತದೆ.

ಇದನ್ನು 1882ರಲ್ಲಿ ಬರೆದು ಪ್ರಕಟಿಸಿದವನು ಮೊರೊ ಎಂಬ ಫ್ರೆಂಚ್ ಪಶುವೈದ್ಯ. ಆದರೆ ಅವನ ಬರಹ ಮರೆತುಹೋಯಿತು. 1939ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮ್ಯಾಡ್ಸೆನ್ ಎಂಬುವರು ಮೊಲ ಮೆಲುಕು ಹಾಕುತ್ತದೆಯೇ ಎಂಬ ಹಳೆಯ ಪ್ರಶ್ನೆಯನ್ನೇ ಶೀರ್ಷಿಕೆ ಮಾಡಿ ಬರೆದ ಮೇಲೆ ವಿಜ್ಞಾನಿಗಳು ಮತ್ತೆ ಅತ್ತ ನೋಡಿದರು. ಇಷ್ಟು ತಡವಾದದ್ದಕ್ಕೆ ಸರಳ ಕಾರಣವಿದೆ. ಮೊಲ ಇದನ್ನು ಮಾಡುವುದು ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ, ತಲೆ ಬಗ್ಗಿಸಿಕೊಂಡು, ಕ್ಷಣಾರ್ಧದಲ್ಲಿ. ನೋಡುವವರು ಮಲಗಿರುವ ಹೊತ್ತು ಅದು.

ಹಸುವಿನ ಹೋಲಿಕೆ ಒಂದೆಡೆಯಾದರೆ, ಹಲ್ಲು ನೋಡಿದವರಿಗೆ ಮೊಲ ಇಲಿಯ ಬಳಗವಾಗಿ ಕಂಡಿತು. ಮೊಲದ ಮೇಲಿನ ಎರಡು ಬಾಚಿಹಲ್ಲುಗಳ ಹಿಂದೆ ಇನ್ನೆರಡು ಪುಟ್ಟ ಹಲ್ಲುಗಳಿವೆ. ಇಲಿ, ಅಳಿಲುಗಳಿಗೆ ಅವು ಇಲ್ಲ. 1811ರಲ್ಲಿ ಇಲಿಗರ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞ ಇದನ್ನೇ ಹಿಡಿದು ಮೊಲಗಳಿಗೆ ಜೋಡಿಹಲ್ಲಿನವು ಎಂಬರ್ಥದ ಹೆಸರು ಕೊಟ್ಟ. ಆದರೂ 1912ರಲ್ಲಿ ಅಮೆರಿಕದ ಗಿಡ್ಲಿ ವಾದ ಹೂಡುವವರೆಗೂ ಅವು ದಂಶಕಗಳ ಒಂದು ಉಪಗಣವಾಗಿಯೇ ಉಳಿದವು. ಮೊಲಕ್ಕೆ ಒಟ್ಟು 28 ಹಲ್ಲು, ಎಲ್ಲವೂ ಜೀವಮಾನವಿಡೀ ಬೆಳೆಯುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಒರಟು ಹುಲ್ಲು ಅರೆದು ಸವೆಸದಿದ್ದರೆ ದವಡೆಹಲ್ಲಿನ ಅಂಚು ಚೂಪಾಗಿ ನಾಲಗೆ, ಕೆನ್ನೆಗಳನ್ನು ಕೊಯ್ಯುತ್ತದೆ. ತಿನ್ನಲು ಬಾಯಿ ಬಾರದ ಮೊಲವನ್ನು ನಾವು ‘ಹಸಿವಿಲ್ಲ’ ಎನ್ನುತ್ತೇವೆ.

ಇದರ ನಡುವೆ ಮೊಲದ ಮೈ ಬೇರೊಂದು ದಾರಿಯಲ್ಲಿ ವೈದ್ಯಶಾಸ್ತ್ರಕ್ಕೆ ಬಹಳ ಹತ್ತಿರವಾಗಿತ್ತು. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಬಾಲಕ ಜೋಸೆಫ್ ಮೈಸ್ಟರನಿಗೆ ಪಾಶ್ಚರ್ ಕೊಡಿಸಿದ ಚುಚ್ಚುಮದ್ದು ತಯಾರಾದದ್ದು ಮೊಲದ ಒಣಗಿಸಿದ ಬೆನ್ನುಹುರಿಯಿಂದ. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯಿತು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡಕ್ಕೂ ಹುಚ್ಚುನಾಯಿಯ ಭಯಕ್ಕೆ ಪರಿಹಾರವಿದ್ದದ್ದು ಆ ಬೆಟ್ಟದ ಮೇಲೆ. ಹಟ್ಟಿಗಳನ್ನೇ ಖಾಲಿ ಮಾಡುತ್ತಿದ್ದ ದೊಡ್ಡರೋಗದ ವೈರಾಣುವನ್ನು ಕೊರಿಯಾದಲ್ಲಿ ನಾಕಮುರ ಎಂಬ ಜಪಾನಿ ಪಶುವೈದ್ಯ ಮೊಲದಿಂದ ಮೊಲಕ್ಕೆ ದಾಟಿಸುತ್ತಾ ದುರ್ಬಲಗೊಳಿಸಿ 1938ರ ಹೊತ್ತಿಗೆ ಲಸಿಕೆಯಾಗಿಸಿದ. 2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ಅಳಿಯಿತೆಂದು ಘೋಷಣೆಯಾಯಿತು. ಆ ದಾರಿಯ ಆರಂಭದ ಹೆಜ್ಜೆಗಳಲ್ಲಿ ಈ ಮೊಲಗಳೂ ಇವೆ. ‘ಗೋವೈದ್ಯ’ದಲ್ಲಿ ಜಾಗವಿಲ್ಲದ ಪ್ರಾಣಿ ಗೋವಿಗೆ ಮದ್ದಾಯಿತು. ಹೀಗೆ ಮೊಲದ ಕಿವಿಯ ರಕ್ತನಾಳ, ಬೆನ್ನುಹುರಿ, ಕಣ್ಣು ಎಲ್ಲವೂ ಪ್ರಯೋಗಶಾಲೆಗೆ ಚೆನ್ನಾಗಿ ಗೊತ್ತಿದ್ದವು. ಆ ತಿಳಿವಳಿಕೆ ಮನುಷ್ಯನಿಗಾಗಿ, ಹಸುವಿಗಾಗಿ ಕೂಡಿಟ್ಟದ್ದು. ಮೊಲವನ್ನೇ ಬದುಕಿಸಬೇಕು ಎಂಬ ಆಸೆ ಬಂದದ್ದು ಅದು ಮನೆಯೊಳಗೆ ಬಂದ ಮೇಲೆ.

ಮನೆಯೊಳಗೆ ಬಂದಾಗ ಅದಕ್ಕೆ ಸಿಕ್ಕಿದ್ದು ಬೆಕ್ಕು ನಾಯಿಗಳ ಅಳತೆ. ಈ ಅಳತೆ ಎಲ್ಲೆಲ್ಲಿ ತಪ್ಪುತ್ತದೆ ಎಂದು ಪಶುವೈದ್ಯರು ಈಗ ಸ್ಪಷ್ಟವಾಗಿ ಹೇಳುತ್ತಾರೆ. ಬೆಕ್ಕಿಗೆ ಅರಿವಳಿಕೆ ಕೊಡುವ ಮೊದಲು ಹೊಟ್ಟೆ ಖಾಲಿ ಇಡುತ್ತಾರೆ, ವಾಂತಿಯಾದೀತೆಂದು. ಮೊಲ ವಾಂತಿ ಮಾಡಲಾರದು. ಅದನ್ನು ಉಪವಾಸ ಕೆಡವಿದರೆ ಕರುಳಿನ ಚಲನೆಯೇ ನಿಂತು ಅನಿಲ ತುಂಬುತ್ತದೆ. ಮನುಷ್ಯರು ನುಂಗುವ ಅಮಾಕ್ಸಿಸಿಲಿನ್ ಮೊಲದ ಬಾಯಿಗೆ ಹೋದರೆ ಸೀಕಮ್‌ನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ಹೆಚ್ಚಿ, ಪ್ರಾಣವೇ ಹೋಗಬಹುದು. ನಾಯಿಯ ಉಣ್ಣಿಗೆ ಹಚ್ಚುವ ಫಿಪ್ರೊನಿಲ್ ಮೊಲಕ್ಕೆ ವಿಷ. ಬೆಕ್ಕಿನ ಮೂಳೆ ಮೈತೂಕದ 12-13 ಶೇಕಡಾ ಇದ್ದರೆ ಮೊಲದ್ದು 7-8 ಶೇಕಡಾ. ಹಿಂಗಾಲಿನ ಸ್ನಾಯು ಮಾತ್ರ ಬಲವಾದದ್ದು. ಕಿವಿ ಹಿಡಿದು ಎತ್ತಿದರೆ ಗಾಬರಿಯಲ್ಲಿ ಒದೆಯುವಾಗ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲದು. ಹಿಂಭಾಗಕ್ಕೆ ಕೈ ಕೊಟ್ಟು ಎತ್ತಬೇಕು.

ಮಂಗಳೂರಿನಂಥ ಊರಿನಲ್ಲಿ ಇನ್ನೊಂದು ಮಾತು ಸೇರಿಸಬೇಕು. ಮೊಲ ನಮ್ಮ ಹಾಗೆ ಬೆವರಿ ತಂಪಾಗಲಾರದು. ಅದರ ಮೈಯ ಬಿಸಿ ಹೋಗುವುದು ಮುಖ್ಯವಾಗಿ ಕಿವಿಗಳ ಮೂಲಕ. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ, ತಗಡಿನ ಮಾಡಿನ ಕೆಳಗಿನ ಗೂಡಿನಲ್ಲಿ ಕಿವಿಗಳಿಗೂ ಸಾಕಾಗುವುದಿಲ್ಲ. ಮಳೆಗಾಲದಲ್ಲಿ ಒಣಹುಲ್ಲು ಬೂಸ್ಟು ಹಿಡಿಯುತ್ತದೆ. ಆಗ ಕ್ಯಾರೆಟ್ಟು, ಬಿಸ್ಕತ್ತು ಸುಲಭವಾಗಿ ಸಿಗುತ್ತದೆ. ನಮ್ಮ ಮನೆಯ ಮೊಲಕ್ಕೂ ನಾವು ಅದನ್ನೇ ಕೊಟ್ಟಿದ್ದೆವು. ಸಕ್ಕರೆ, ಹಿಟ್ಟು ಹೆಚ್ಚಾಗಿ, ನಾರು ಕಡಿಮೆಯಾಗಿ, ಹಲ್ಲು ಸವೆಯದೆ, ಕರುಳು ನಿಧಾನವಾಗಿ ಶನಿವಾರ ನಿಂತಿತು. ನಾವು ಸೋಮವಾರದವರೆಗೆ ಕಾದೆವು.

ಅಜ್ಜಿಯನ್ನು ನಾನು ದೂರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದರ ಮೂಲಕ ನೋಡುವುದು ಅರಿಸ್ಟಾಟಲನೂ ಮಾಡಿದ ಕೆಲಸ. ನಿಘಂಟುಗಳನ್ನು ಓದುವ ನಾನೂ ದಿನವೂ ಒಂದು ಪದವನ್ನು ಇನ್ನೊಂದರ ಮೂಲಕವೇ ತಿಳಿಯುತ್ತೇನೆ. ಹೋಲಿಕೆ ಇಲ್ಲದೆ ತಿಳಿವಳಿಕೆ ಶುರುವಾಗುವುದೇ ಇಲ್ಲ. ಆದರೆ ಹೋಲಿಕೆಯಲ್ಲೇ ನಿಂತರೆ ಎದುರಿಗಿರುವ ಜೀವ ಕಾಣುವುದಿಲ್ಲ. ಮೊರೊನ ದೊಡ್ಡತನ ಇರುವುದು ಅಲ್ಲೇ: ಹಸುವನ್ನೂ ಇಲಿಯನ್ನೂ ಬದಿಗಿಟ್ಟು ಮೊಲ ತಾನು ಏನು ಮಾಡುತ್ತದೆ ಎಂದು ನೋಡಿದ.

ಮೊನ್ನೆ ಹುಡುಗ ಮತ್ತೆ ಮೊಲ ಬೇಕೆಂದು ಹಟ ಹಿಡಿದ. ಅಜ್ಜಿ ಬೇಡ ಅನ್ನಲಿಲ್ಲ. “ಈ ಸಲ ತರುವ ಮೊದಲು ಡಾಕ್ಟರ್ ಹತ್ರ ಕೇಳಿ ಬಾ, ಅದು ಎಂತ ತಿನ್ತದೆ, ಎಷ್ಟು ಹೊತ್ತು ತಿನ್ನದೆ ಇರ್ತದೆ ಅಂತ” ಎಂದರು. ಈಗ ಅಂಗಳದ ಬದಿಯಲ್ಲಿ ಗರಿಕೆ ಬೆಳೆಯಲು ಬಿಟ್ಟಿದ್ದಾರೆ. ಮೊಲ ಇನ್ನೂ ಬಂದಿಲ್ಲ.