ದೀಪದ ಬುಡದ ಕೆಲಸ

ಬೆಂಗಳೂರಿಗೆ ವಿದ್ಯುತ್ ದೀಪ ಬಂದ ವರ್ಷ ಯಾವುದೆಂದು ಕೇಳಿದರೆ ಶಾಲೆಯ ಮಕ್ಕಳೂ 1905 ಎಂದು ಥಟ್ಟನೆ ಹೇಳುತ್ತಾರೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರನ್ನೂ ಸೇರಿಸುತ್ತಾರೆ. ಆ ವಿದ್ಯುತ್ತಿಗಾಗಿ ಬಂಡೆ ಸೀಳಿ ಕಾಲುವೆ ತೋಡಿದವರು, ಗುಡ್ಡ ಹತ್ತಿ ಕಂಬ ನೆಟ್ಟವರು, ಯಂತ್ರ ಕೂರಲು ಪಾಯ ಹಾಕಿದವರು ಪಠ್ಯದಲ್ಲಿ ಬರುವುದಿಲ್ಲ. ಇರಲಿ, ಪಠ್ಯಪುಸ್ತಕಕ್ಕೆ ಪುಟಗಳ ಮಿತಿ ಉಂಟು. ಆದರೆ ಕಟ್ಟುವ ಕೆಲಸದವರದೇ ಸಂಘ ತನ್ನ ಸ್ಮರಣ ಸಂಚಿಕೆ ತರುವಾಗಲೂ ಆ ಮಾತು ಎತ್ತದಿದ್ದರೆ ಇನ್ನೆಲ್ಲಿ ಎತ್ತಬೇಕು?

ನಮ್ಮ ಸಂಘದಲ್ಲಿರುವವರು ಬಹುಪಾಲು ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್ ಕಡೆಯವರು. ಸಣ್ಣ ಗುತ್ತಿಗೆದಾರರು, ಮೇಸ್ತ್ರಿಗಳು, ಗಾರೆಯವರು, ಸೆಂಟ್ರಿಂಗ್‌ನವರು, ಕಂಬಿ ಕಟ್ಟುವವರು. ಮನೆಯಲ್ಲಿ ತಮಿಳು, ದಖನಿ, ತೆಲುಗು. ಕೆಲಸದ ಜಾಗದಲ್ಲಿ ಎಲ್ಲ ಬೆರೆತ ದಂಡಿನ, ಅಂದರೆ ಕಂಟೋನ್ಮೆಂಟಿನ, ಕನ್ನಡ. ರಸೆಲ್ ಮಾರುಕಟ್ಟೆಯ ಎದುರು ಟೀ ಕುಡಿದು ಕೆಲಸಕ್ಕೆ ಹೊರಡುವುದು ನಮ್ಮಲ್ಲಿ ತಲೆಮಾರುಗಳ ರೂಢಿ. ಆದ್ದರಿಂದ ಈ ಲೇಖನದ ಅಳತೆ ಟೇಪಿನ ಒಂದು ತುದಿಯನ್ನು ಆ ಮಾರುಕಟ್ಟೆಯಲ್ಲೇ ಹಿಡಿಯುತ್ತೇನೆ. ಇನ್ನೊಂದು ತುದಿ ಆ ವಿದ್ಯುತ್ ಹುಟ್ಟಿದ ಶಿವನಸಮುದ್ರದವರೆಗೂ ಹೋಗುತ್ತದೆ.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಪಡೆಯನ್ನು ಎಬ್ಬಿಸಿ ತಂದು ಹಲಸೂರಿನ ಬಳಿ ದಂಡು ಹೂಡಿದರು. ಸಿಪಾಯಿಗಳು, ಕುದುರೆಗಳು, ಹಿಂದೆಯೇ ಬಂದ ವ್ಯಾಪಾರಿಗಳು, ಕೂಲಿಯವರು. ಇಷ್ಟು ಜನ ನೆಲೆ ನಿಂತ ಮೇಲೆ ಮೊದಲು ಬೇಕಾದದ್ದು ನೀರು. ಹಲಸೂರು ಕೆರೆ, ಮಿಲ್ಲರ್ ಕೆರೆಗಳ ಜೊತೆಗೆ 1882ರಲ್ಲಿ ಸ್ಯಾಂಕಿ ಕೆರೆಯೂ ಸೇರಿತು. ಆ ಕೆರೆಗೆ ಹೆಸರು ಕೊಟ್ಟ ರಿಚರ್ಡ್ ಸ್ಯಾಂಕಿ ಮದ್ರಾಸ್ ಎಂಜಿನಿಯರ್ಸ್ ಪಡೆಯವರು. ಈಗ ಹೈಕೋರ್ಟ್ ಇರುವ, 1868ರಲ್ಲಿ ಮುಗಿದ ಅಠಾರಾ ಕಚೇರಿಯ ಕೆಲಸವೂ ಅವರ ಉಸ್ತುವಾರಿಯಲ್ಲೇ ನಡೆಯಿತು. ಅದರ ಗುತ್ತಿಗೆದಾರರು ದಂಡಿನ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಅವರು ಸಂಪಾದಿಸಿದ್ದರಲ್ಲಿ 1873ರಲ್ಲಿ ಬಡ ಮಕ್ಕಳಿಗೆಂದು ಶಾಲೆ ತೆರೆದರು. ಅದೇ ಇಂದಿನ ಆರ್.ಬಿ.ಎ.ಎನ್.ಎಂ. ವಿದ್ಯಾಸಂಸ್ಥೆ. ಹೈಕೋರ್ಟಿಗೆ ಹೋಗಿ ಬರುವ ಎಷ್ಟು ಜನಕ್ಕೆ ಆ ಕೆಂಪು ಕಟ್ಟಡ ಕಟ್ಟಿದವರು ಗೊತ್ತು? ಮೊದಲಿಯಾರರ ಹೆಸರು ಉಳಿದದ್ದು ಶಾಲೆಯಿಂದ, ಗೋಡೆಯಿಂದಲ್ಲ. ನಮ್ಮ ಕಸುಬಿನ ಹಣೆಬರಹವೇ ಅದು.

ಕೆರೆಗಳ ಕಾಲ ಬೇಗ ಮುಗಿಯಿತು. 1896ರ ಹೊತ್ತಿಗೆ ಹೆಸರಘಟ್ಟದಿಂದ ಚಾಮರಾಜೇಂದ್ರ ನೀರಿನ ಯೋಜನೆ ಬಂತು. ಇಟ್ಟಿಗೆಯ ಕಾಲುವೆಯಲ್ಲಿ ನೀರು ತಾನೇ ಇಳಿದು ಸೋಲದೇವನಹಳ್ಳಿಗೆ ಬಂದು, ಅಲ್ಲಿಂದ ಉಗಿ ಪಂಪಿನ ಬಲದಲ್ಲಿ ಊರಿಗೆ ಏರುತ್ತಿತ್ತು. ಆ ಉಗಿ ಯಂತ್ರಗಳು ನಿಂತು ಯಾವ ಕಾಲವಾಯಿತು. ಇಟ್ಟಿಗೆ ಕಾಲುವೆಯ ತುಣುಕುಗಳನ್ನು ಈಗಲೂ ಆ ದಾರಿಯಲ್ಲಿ ನೋಡಬಹುದು. ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಏರಿ ಬರುತ್ತದೆ. ಮೂರು ಕಡೆ ಪಂಪು ಮಾಡಬೇಕು. ಕರೆಂಟು ನಿಂತರೆ ನೀರೂ ನಿಂತಿತು. 2024ರ ಅಕ್ಟೋಬರಿನಲ್ಲಿ ದಿನಕ್ಕೆ 775 ದಶಲಕ್ಷ ಲೀಟರಿನ ಐದನೇ ಹಂತ ಶುರುವಾದ ಮೇಲೂ ಈ ಲೆಕ್ಕ ಬದಲಾಗಿಲ್ಲ. ಹಾಗಾಗಿ ನೀರಿನ ಕೆಲಸ ಬೇರೆ, ವಿದ್ಯುತ್ತಿನ ಕೆಲಸ ಬೇರೆ ಎಂದು ಇಲಾಖೆಗಳು ಹಂಚಿಕೊಂಡರೂ ಮಣ್ಣು ಅಗೆಯುವವನಿಗೆ ಎರಡೂ ಒಂದೇ.

ಇನ್ನು ಶಿವನಸಮುದ್ರ. ಮೈಸೂರು ಸರ್ಕಾರದಲ್ಲಿದ್ದ ಎ. ಜೋಲಿ ಡಿ ಲಾಟ್‌ಬಿನಿಯರ್ ಎಂಬ ಸೇನಾ ಎಂಜಿನಿಯರ್ ಹಾಕಿದ ಜಲವಿದ್ಯುತ್ ಯೋಜನೆಗೆ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತರು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮತ್ತು ಸ್ವಿಟ್ಜರ್‌ಲೆಂಡಿನ ಎಷರ್ ವೀಸ್ ಕಂಪನಿಗಳಿಂದ ಬಂದವು. 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ನಡುವಿನ ದೂರ 92 ಮೈಲಿ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಅದನ್ನು ನೋಡುವ ಭಾಗ್ಯ ದಿವಾನರಿಗಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಗಣಿಗೆ ಕೊಟ್ಟು ಮೂರು ವರ್ಷದ ಮೇಲೆ ಬೆಂಗಳೂರಿನ ಬೀದಿಗೆ ಬೆಳಕು ಬಂತು. ಚಿನ್ನದ ನಂತರವೇ ಜನ ಎಂಬುದು ಅಂದಿನ ಸರತಿ.

ನನ್ನ ಕುತೂಹಲ ಇರುವುದು ಆ ಯಂತ್ರಗಳನ್ನು ಕೂರಿಸಿದ ಬಗೆಯಲ್ಲಿ. ಮದ್ದೂರು ರೈಲು ನಿಲ್ದಾಣದಲ್ಲಿ ಇಳಿದ ಭಾರೀ ಸಾಮಾನನ್ನು ಎತ್ತಿನ ಗಾಡಿಗಳಲ್ಲಿ, ಆನೆಗಳ ಸಹಾಯದಿಂದ ಕಾಡುದಾರಿಯಲ್ಲಿ ಸಾಗಿಸಿದರು. ನದಿಯಿಂದ ಕಾಲುವೆ ತೆಗೆದು, ಬೆಟ್ಟದ ಅಂಚಿನಲ್ಲಿ ನೀರು ನಿಲ್ಲುವ ತೊಟ್ಟಿ ಕಟ್ಟಿ, ಅಲ್ಲಿಂದ ಸುಮಾರು 400 ಅಡಿ ಕೆಳಗೆ ಕಬ್ಬಿಣದ ಕೊಳವೆ ಇಳಿಸಿ, ತಳದಲ್ಲಿ ವಿದ್ಯುದಾಗಾರ ಕಟ್ಟಿದರು. ಕೊಳವೆಯೊಳಗೆ ನೀರು ನುಗ್ಗುವಾಗ ಅದು ಬಾಗಿದ ಕಡೆಯೆಲ್ಲ ಪಕ್ಕಕ್ಕೆ ಒದೆಯುತ್ತದೆ. ಆ ಒದೆತ ತಡೆಯುವಂತೆ ಕಲ್ಲು ಗಾರೆಯ ದಿಂಬು ಕಟ್ಟದಿದ್ದರೆ ಕೊಳವೆ ಕಿತ್ತುಕೊಂಡು ಹೋಗುತ್ತದೆ. ಟರ್ಬೈನು ಎಷ್ಟು ಚೆನ್ನಾಗಿದ್ದರೂ ಸರಿಯೇ, ಆ ದಿಂಬು ಅಲುಗಬಾರದು.

ಮುಂದೆ ಕನ್ನಂಬಾಡಿ. ಅಲ್ಲಿನ ಕೃಷ್ಣರಾಜಸಾಗರ ಅಣೆಕಟ್ಟು ಎಂದರೆ ಮಂಡ್ಯದ ಗದ್ದೆ, ಕಬ್ಬು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ 1911ರಲ್ಲಿ ಕೆಲಸ ಶುರುವಾದಾಗ ಮುಂದಿಟ್ಟ ಬಲವಾದ ಕಾರಣಗಳಲ್ಲಿ ವಿದ್ಯುತ್ತೂ ಒಂದು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಶಿವನಸಮುದ್ರದ ಯಂತ್ರಗಳೂ ಸೊರಗುತ್ತಿದ್ದವು. ಮೇಲೆ ನೀರು ಹಿಡಿದಿಟ್ಟು ವರ್ಷವಿಡೀ ಬಿಟ್ಟರೆ ಗಣಿಗೆ ಹೆಚ್ಚು ವಿದ್ಯುತ್ ಮಾರಬಹುದು ಎಂದು ಎಂ. ವಿಶ್ವೇಶ್ವರಯ್ಯ ಲೆಕ್ಕ ಹಾಕಿದರು. ಸಿಮೆಂಟು ಆಗ ಹೊರದೇಶದಿಂದ ಬರಬೇಕಾದ ದುಬಾರಿ ವಸ್ತು. ಸುಟ್ಟ ಜೇಡಿಮಣ್ಣಿನ ಪುಡಿಗೆ ಸುಣ್ಣ ಬೆರೆಸಿದ ಸುರ್ಕಿ ಗಾರೆಯಲ್ಲೇ ಅಣೆಕಟ್ಟು ಎದ್ದಿತು. ಸುರ್ಕಿ ನಿಧಾನ ಗಟ್ಟಿಯಾಗುತ್ತದೆ, ಆದರೆ ನೀರಿನಲ್ಲಿ ನಿಂತಷ್ಟೂ ಬಲಿಯುತ್ತದೆ. ಇಂದು ಬೆಳಿಗ್ಗೆ ಕಾಂಕ್ರೀಟು ಹಾಕಿ ನಾಳೆ ಸಂಜೆ ಸೆಂಟ್ರಿಂಗ್ ಬಿಚ್ಚು ಎಂದು ಅವಸರಿಸುವ ಮಾಲೀಕರನ್ನು ಒಮ್ಮೆ ಕನ್ನಂಬಾಡಿಗೆ ಕರೆದುಕೊಂಡು ಹೋಗಬೇಕು.

ಶಿಂಷಾ, ಜೋಗ, ಶರಾವತಿ ಒಂದರ ಹಿಂದೊಂದು ಬಂದವು. ಅವುಗಳ ಕಥೆ ಮಲೆನಾಡಿನವರು ಬರೆಯಲಿ. ನಮ್ಮ ಪಾಲಿಗೆ ಬಂದದ್ದು ಊರೊಳಗಿನ ಸ್ವೀಕರಣಾ ಕೇಂದ್ರಗಳು, ಅಂದರೆ ಸಬ್‌ಸ್ಟೇಷನ್‌ಗಳ ಸಿವಿಲ್ ಕೆಲಸ. ನಾನು ಕಸುಬು ಕಲಿತದ್ದೂ ಅಲ್ಲೇ. ಮನೆ ಕಟ್ಟಿ ಪಳಗಿದ ಮೇಸ್ತ್ರಿಗೆ ಸಬ್‌ಸ್ಟೇಷನ್ ಮೊದಲಿಗೆ ತಲೆಬುಡ ತಿಳಿಯುವುದಿಲ್ಲ. ಮನೆಯ ಪಾಯ ಭಾರ ಹೊತ್ತರೆ ಸಾಕು. ಲೈನ್ ಟವರಿನ ಪಾಯ ಭಾರ ಹೊರುವುದರ ಜೊತೆಗೆ ಟವರು ಕಿತ್ತು ಬರದಂತೆ ಹಿಡಿದುಕೊಳ್ಳಬೇಕು, ಏಕೆಂದರೆ ಗಾಳಿಯೂ ತಂತಿಯ ಎಳೆತವೂ ಒಂದು ಕಡೆಯ ಕಾಲುಗಳನ್ನು ಮೇಲಕ್ಕೆ ಎತ್ತಲು ನೋಡುತ್ತವೆ. ಅದಕ್ಕೇ ಆ ಪಾಯ ಕೆಳಗೆ ಅಗಲ, ಮೇಲೆ ಸಪೂರ. ಮೇಲೆ ಮುಚ್ಚುವ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಬೇಕು. ಕಾಂಕ್ರೀಟನ್ನು ಅಚ್ಚುಕಟ್ಟಾಗಿ ಹಾಕಿ ಮಣ್ಣನ್ನು ಬಾಂಡ್ಲಿಯಲ್ಲಿ ಸುರಿದು ಕೈತೊಳೆದುಕೊಂಡರೆ ಅರ್ಧ ಕೆಲಸ ಬಿಟ್ಟಂತೆ.

ಸ್ವಿಚ್‌ಯಾರ್ಡಿನ ನೆಲದ ತುಂಬ ಹರಡಿದ ಜಲ್ಲಿಯನ್ನು ನೀವು ಬೇಲಿಯಾಚೆಯಿಂದ ನೋಡಿರಬಹುದು. ಕಳೆ ಬೆಳೆಯದಿರಲಿ ಎಂದು ಹಾಕಿದ್ದಾರೆ ಎನ್ನುತ್ತಾರೆ, ಅದೂ ಹೌದು. ಮುಖ್ಯ ಕಾರಣ ಬೇರೆ. ಎಲ್ಲಾದರೂ ದೋಷವಾಗಿ ಭಾರೀ ಕರೆಂಟು ನೆಲಕ್ಕೆ ಇಳಿದರೆ ನೆಲದ ಒಂದೊಂದು ಹೆಜ್ಜೆಗೂ ವೋಲ್ಟೇಜು ಬೇರೆ ಬೇರೆ ಇರುತ್ತದೆ. ಎರಡು ಕಾಲು ಎರಡು ಕಡೆ ಊರಿದವನ ಮೈಯೊಳಗೆ ಅದು ಹಾಯುತ್ತದೆ. ಅಂಗೈ ಅಗಲದಷ್ಟು ದಪ್ಪದ ಜಲ್ಲಿಯ ಪದರ ಆ ದಾರಿಗೆ ಅಡ್ಡ ನಿಲ್ಲುತ್ತದೆ. ನೆಲದಡಿ ಹೂತ ಕಬ್ಬಿಣದ ಜಾಲ ಕರೆಂಟನ್ನು ಚದುರಿಸುತ್ತದೆ, ಮೇಲಿನ ಜಲ್ಲಿ ಮನುಷ್ಯನನ್ನು ಕಾಯುತ್ತದೆ. ಟ್ರಾನ್ಸ್‌ಫಾರ್ಮರಿನ ಕೆಳಗಿನ ಗುಂಡಿಯಲ್ಲೂ ಜಲ್ಲಿ ಇದೆ. ಟ್ಯಾಂಕು ಒಡೆದು ಬಿಸಿ ಎಣ್ಣೆ ಸುರಿದರೆ ಕಲ್ಲುಗಳ ಸಂದಿಯಲ್ಲಿ ಇಳಿದು ತಣ್ಣಗಾಗಲಿ, ಬೆಂಕಿ ಹರಡದಿರಲಿ ಎಂದು. ಲೆಕ್ಕದಲ್ಲಿ ಇದು ಅಗ್ಗದ ಬಾಬತ್ತು, ಆದ್ದರಿಂದ ಕದಿಯಲು ಸುಲಭ. ನಾನು ದುಡಿದ ಒಂದು ಕಡೆ ಅರ್ಧ ಪದರ ಹಾಕಿ ಪೂರಾ ಬಿಲ್ಲು ಬರೆದದ್ದನ್ನು ಕಂಡಿದ್ದೇನೆ. ಗೋಡೆ ಬಿರುಕು ಬಿಟ್ಟರೆ ಕಾಣುತ್ತದೆ. ಜಲ್ಲಿ ಕಡಿಮೆಯಾದದ್ದು ಯಾರಿಗೂ ಕಾಣುವುದಿಲ್ಲ, ದುರಂತವಾಗುವವರೆಗೆ.

ಈಗ ರಸೆಲ್ ಮಾರುಕಟ್ಟೆಗೆ ವಾಪಸಾಗೋಣ. 1927ರಲ್ಲಿ ಕಟ್ಟಿದ ಈ ಕಟ್ಟಡವನ್ನು 1933ರಲ್ಲಿ ದಾನಿ ಇಸ್ಮಾಯಿಲ್ ಸೇಠ್ ಉದ್ಘಾಟಿಸಿದರು. ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಅವರ ಹೆಸರು ಇಟ್ಟರು. ತಿಪ್ಪಗೊಂಡನಹಳ್ಳಿಯ ನೀರು ಬಂದದ್ದೂ ಅದೇ 1933ರಲ್ಲಿ. ಮಾಂಸ, ಮೀನು, ತರಕಾರಿ ಒಂದೇ ಸೂರಿನಡಿ ಮಾರುವ ಜಾಗಕ್ಕೆ ಕಮಾನಿಗಿಂತ, ಗಡಿಯಾರಕ್ಕಿಂತ ಮುಖ್ಯವಾದದ್ದು ನೆಲ ತೊಳೆಯುವ ನೀರು, ಅದು ಹರಿದು ಹೋಗುವ ಚರಂಡಿ. 1898ರ ಪ್ಲೇಗು ಕಂಡ ಊರಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ. ಫೋಟೊ ತೆಗೆಯುವವರು ಮಾತ್ರ ಗಡಿಯಾರವನ್ನೇ ತೆಗೆಯುತ್ತಾರೆ.

2012ರ ಫೆಬ್ರವರಿ 25ರ ಬೆಳಗಿನ ಜಾವ ಮಾರುಕಟ್ಟೆಗೆ ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟವು. ಶಾರ್ಟ್ ಸರ್ಕ್ಯೂಟ್ ಎಂಬ ಮಾತು ಕೇಳಿಬಂತು. ವ್ಯಾಪಾರಿಗಳು ಸರ್ಕಾರದ ದಾರಿ ಕಾಯದೆ ತಾವೇ ಹಣ ಹಾಕಿ ಎಷ್ಟೋ ದುರಸ್ತಿ ಮಾಡಿಕೊಂಡರು. ಅವರ ಛಲವನ್ನು ಮೆಚ್ಚುತ್ತಲೇ ಒಂದು ಮಾತು ಹೇಳಬೇಕು. ಎಂಬತ್ತು ತೊಂಬತ್ತು ವರ್ಷದ ಕಟ್ಟಡಕ್ಕೆ ಫ್ರೀಜರು, ಫ್ಯಾನು, ಸಾಲು ದೀಪ ಎಲ್ಲ ಏರಿಸುತ್ತಾ ಹೋದರೆ ತಂತಿಗೆ ಬೇರೆ ಕಾಲುವೆ, ನೀರಿಗೆ ಬೇರೆ ಕಾಲುವೆ, ನಡುವೆ ಬೆಂಕಿ ತಡೆಯುವ ಗೋಡೆ ಬೇಕು. ಇವೆಲ್ಲ ಎಲೆಕ್ಟ್ರಿಷಿಯನ್ ಬರುವ ಮುಂಚೆ ಗಾರೆಯವನು ಮಾಡಬೇಕಾದ ಕೆಲಸ. ಹಳೆಯ ಕಟ್ಟಡ ಉಳಿಸುವುದೆಂದರೆ ಬಣ್ಣ ಬಳಿಯುವುದು ಎಂದುಕೊಂಡವರಿಗೆ ಇದು ಹೊಳೆಯುವುದಿಲ್ಲ.

ಬೆಂಕಿ ಬಿದ್ದು ದಶಕ ತುಂಬುವ ಮೊದಲೇ ಮಾರುಕಟ್ಟೆಯ ನೆರೆಯಲ್ಲಿ ಮೆಟ್ರೊ ಅಗೆತ ನಡೆಯಿತು. ಕಂಟೋನ್ಮೆಂಟ್ ಕಡೆಯಿಂದ 2020ರ ಜುಲೈನಲ್ಲಿ ಹೊರಟ ‘ಊರ್ಜಾ’ ಎಂಬ ಸುರಂಗ ಯಂತ್ರ 855 ಮೀಟರ್ ಕೊರೆದು 2021ರ ಸೆಪ್ಟೆಂಬರ್ 22ರಂದು ಶಿವಾಜಿನಗರದಲ್ಲಿ ಹೊರಬಂತು. ಹದಿನಾಲ್ಕು ತಿಂಗಳಿಗೆ ಒಂದು ಕಿಲೋಮೀಟರೂ ಇಲ್ಲವೇ ಎಂದು ನಗಬೇಡಿ. ಬೆಂಗಳೂರಿನ ನೆಲ ಹೇಳಿ ಕೇಳಿ ಗಟ್ಟಿ ಕಲ್ಲು. ಅದಕ್ಕಿಂತ ಕಷ್ಟ, ಕೊಳೆತ ಕಲ್ಲಿನ ಮಣ್ಣಿನ ನಡುವೆ ಗಟ್ಟಿ ಗುಂಡುಗಳು ಸಿಕ್ಕಿಕೊಂಡಿರುವುದು. ಯಂತ್ರದ ಹಲ್ಲು ಅರ್ಧ ಮೆದುವಿಗೂ ಅರ್ಧ ಗಟ್ಟಿಗೂ ಒಟ್ಟಿಗೆ ಒಗ್ಗುವುದಿಲ್ಲ. ಮೇಲೆ ಹಳೆಯ ಮನೆಗಳು, ಬಾವಿಗಳು. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ 21.26 ಕಿಲೋಮೀಟರಿನ ಗುಲಾಬಿ ಮಾರ್ಗದಲ್ಲಿ 12 ನಿಲ್ದಾಣಗಳು ನೆಲದಡಿಯಲ್ಲಿವೆ. ಕೊರೆತದ ಕೆಲಸ 2024ರ ಅಕ್ಟೋಬರಿಗೆ ಮುಗಿಯಿತು.

ಈ ದೊಡ್ಡ ಕೆಲಸದ ಜಾಗಗಳಲ್ಲಿ ಹೆಲ್ಮೆಟ್ ತೊಟ್ಟವರು ಹೆಚ್ಚಾಗಿ ಜಾರ್ಖಂಡ್, ಬಿಹಾರ, ಒಡಿಶಾ, ಬಂಗಾಳದ ಹುಡುಗರು. ನಮ್ಮ ಹಿರಿಯರು ಆರ್ಕಾಟಿನಿಂದ, ಕಡಪದಿಂದ ಬಂದಂತೆಯೇ ಅವರೂ ಬಂದಿದ್ದಾರೆ. ಸಂಘದ ಕೆಲವರು ಅವರನ್ನು ಹೊರಗಿನವರು ಎನ್ನುತ್ತಾರೆ. ದಂಡಿನಲ್ಲಿ ಹುಟ್ಟಿದವರ ಬಾಯಲ್ಲಿ ಆ ಮಾತು ಚಂದವಲ್ಲ. 2007ರಲ್ಲಿ ರಾಜ್ಯದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಶುರುವಾಗಿದೆ. 18ರಿಂದ 60 ವರ್ಷದೊಳಗಿದ್ದು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದವರು ನೋಂದಾಯಿಸಿಕೊಳ್ಳಬಹುದು. ಅವರಿಗೆ ಅರ್ಜಿ ತುಂಬಿಕೊಡುವ ಕೆಲಸ ಸಂಘ ಮಾಡಿದರೆ ನಮ್ಮ ಹಿರಿಯರ ಋಣ ಸ್ವಲ್ಪ ತೀರೀತು.

ಕೊನೆಗೆ ಸದಸ್ಯರಲ್ಲಿ ಒಂದು ಬೇಡಿಕೆ. ನಿಮ್ಮ ಅಪ್ಪ, ತಾತಂದಿರ ಕಾಲದ ಅಳತೆ ಪುಸ್ತಕ, ಮಸ್ಟರ್ ರೋಲು, ಕೆಲಸದ ಜಾಗದಲ್ಲಿ ತೆಗೆಸಿಕೊಂಡ ಗುಂಪು ಫೋಟೊ ಅಟ್ಟದ ಮೇಲೋ ಟ್ರಂಕಿನಲ್ಲೋ ಇದ್ದರೆ ಹಳೇ ಪೇಪರಿನವನಿಗೆ ಹಾಕಬೇಡಿ. ಸಂಘದ ಕಚೇರಿಗೆ ತನ್ನಿ. ಪ್ರತಿ ತೆಗೆದುಕೊಂಡು ಮೂಲವನ್ನು ನಿಮ್ಮ ಕೈಗೇ ಹಿಂತಿರುಗಿಸುತ್ತೇವೆ. ಫೋಟೊದ ಹಿಂದೆ ನಿಮಗೆ ಗೊತ್ತಿರುವಷ್ಟು ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದು ತನ್ನಿ.