ಎಲ್ಲ ಗ್ರಹಕ್ಕೂ ಒಂದೇ ವೇಗ

ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತುಗಳ ಸಾಲನ್ನು ನೆನೆಸಿಕೊಳ್ಳಿ. ಮೇಟಿಯ ಪಕ್ಕದ ಎತ್ತು ನಿಧಾನಕ್ಕೆ ಹೆಜ್ಜೆ ಹಾಕಿದರೆ ಸಾಕು, ಅಂಚಿನದು ಬಿರಬಿರನೆ ನಡೆಯಬೇಕು. ಎರಡೂ ಹಾಕುವ ಸುತ್ತು ಮಾತ್ರ ಅಷ್ಟೇ. ಒಂದು ಸುತ್ತಿನ ದಾರಿಯನ್ನು ಗಂಟೆಗೆ ಹಾಕಿದ ಸುತ್ತುಗಳಿಂದ ಗುಣಿಸಿದರೆ ಗಂಟೆಯ ವೇಗ ಸಿಗುತ್ತದೆ. ಪಠ್ಯಪುಸ್ತಕದ ಏಕರೂಪ ವೃತ್ತೀಯ ಚಲನೆಯಲ್ಲಿ ಪರಿಧಿಯನ್ನು ಆವೃತ್ತಿಯಿಂದ ಗುಣಿಸುವುದೆಂದರೆ ಇದೇ.

ಆರ್ಯಭಟ ಆಕಾಶದಲ್ಲಿ ಕಂಡದ್ದು ಇದರ ತಿರುವುಮುರುವು: ಎಲ್ಲ ಗ್ರಹಗಳ ವೇಗವೂ ಒಂದೇ, ಸುತ್ತುಗಳು ಬೇರೆ ಬೇರೆ. ಕ್ರಿ.ಶ. 499ರಲ್ಲಿ ತನಗೆ 23 ವರ್ಷ ತುಂಬಿತ್ತು ಎನ್ನುವ ಆತ, 43,20,000 ವರ್ಷಗಳ ಯುಗದಲ್ಲಿ ಚಂದ್ರ 5,77,53,336 ಸುತ್ತು, ಶನಿ 1,46,564 ಸುತ್ತು ಹಾಕುತ್ತವೆ ಎಂದು ಬರೆದ. ವೇಗ ಒಂದೇ ಆದಮೇಲೆ ಯುಗದಲ್ಲಿ ಕ್ರಮಿಸುವ ದೂರವೂ ಒಂದೇ. ಆ ದೂರವನ್ನು ಸುತ್ತುಗಳಿಂದ ಭಾಗಿಸಿದರೆ ಕಕ್ಷೆಯ ಪರಿಧಿ ದೊರೆಯುತ್ತದೆ. ಚಂದ್ರನದು 2,16,000 ಯೋಜನ, ಶನಿಯದು ಅದರ ಸುಮಾರು 394 ಪಟ್ಟು.

ನಾನು ಈ ಅಂಕಿಗಳನ್ನು ಇಂದಿನ ಅಳತೆಯ ಪಕ್ಕದಲ್ಲಿಟ್ಟು ನೋಡಿದೆ. ಭೂಮಿಯ ವ್ಯಾಸ 1050 ಯೋಜನವೆಂಬ ಆತನದೇ ಮಾತನ್ನು ಹಿಡಿದರೆ, ಚಂದ್ರನ ದೂರ ಭೂಮಿಯ ತ್ರಿಜ್ಯದ ಸುಮಾರು 65 ಪಟ್ಟು. ಇಂದಿನ ಸರಾಸರಿ 60. ಶನಿಯ ಒಂದು ಸುತ್ತಿಗೆ ಆತನ ಲೆಕ್ಕದಲ್ಲಿ 29.48 ವರ್ಷ, ಇಂದಿನ ಲೆಕ್ಕದಲ್ಲಿ 29.46. ಆದರೆ ಶನಿ ನಿಜಕ್ಕೂ ಇರುವುದು ಚಂದ್ರನ ದೂರದ ಸುಮಾರು 3700 ಪಟ್ಟು ಆಚೆ! ಅಲ್ಲಿ ಲೆಕ್ಕ ಹತ್ತು ಪಟ್ಟಿಗೂ ಸ್ವಲ್ಪ ಕಡಿಮೆ ಅಂತರದಿಂದ ತಪ್ಪಿದೆ.

ಎಡವಿದ್ದು ಗುಣಾಕಾರ ಭಾಗಾಕಾರದಲ್ಲಲ್ಲ. ಸುತ್ತುಗಳ ಎಣಿಕೆಗೆ ಆಕಾಶವೀಕ್ಷಣೆಯ ಆಧಾರವಿತ್ತು, ಸಮವೇಗಕ್ಕೆ ಅಂಥ ಆಧಾರವಿರಲಿಲ್ಲ. ಸೂರ್ಯನಿಂದ ದೂರವಾದಷ್ಟೂ ಗ್ರಹ ನಿಧಾನವಾಗುತ್ತದೆ ಎಂಬುದಕ್ಕೆ ಖಚಿತ ಗಣಿತ ಸಿಕ್ಕಿದ್ದು 1619ರಲ್ಲಿ ಕೆಪ್ಲರ್ ತನ್ನ ಮೂರನೆಯ ನಿಯಮವನ್ನು ಪ್ರಕಟಿಸಿದಾಗ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡಿದರೆ ಶನಿಯ ಸರಾಸರಿ ವೇಗ 10 ಕಿಲೋಮೀಟರನ್ನೂ ಮುಟ್ಟುವುದಿಲ್ಲ.

ಆರ್ಯಭಟನಿಗೆ ಎಲ್ಲವೂ ಗೊತ್ತಿತ್ತು ಎನ್ನುವವರೂ, ಹಳೆಯದೆಲ್ಲ ಬರೀ ಊಹೆ ಎನ್ನುವವರೂ ನಮ್ಮ ನಡುವೆ ಇದ್ದಾರೆ. ಇಬ್ಬರೂ ಒಂದು ಸಂಜೆ ಕಾಗದ ಪೆನ್ನು ಹಿಡಿದು ಈ ಭಾಗಾಕಾರ ಮಾಡಲಿ ಎಂಬುದು ನನ್ನ ಆಸೆ. ಸುತ್ತು ಎಣಿಸುವುದರಲ್ಲಿ ಆತ ಎಷ್ಟು ಗಟ್ಟಿಗ, ಯಾವ ಹೆಜ್ಜೆಯಲ್ಲಿ ನಂಬಿಕೆಯ ಮೇಲೆ ನಡೆದ ಎಂಬುದು ಆಗ ಅವರಿಗೇ ಕಾಣುತ್ತದೆ. ಪೂರ್ವಿಕರಿಗೆ ಇದಕ್ಕಿಂತ ದೊಡ್ಡ ಗೌರವವನ್ನು ನಾನು ಕಾಣೆ.